ಎಣಗಾಯಿ ನಿಂತುಹೋದ ಮಳೆಗಾಲ

ಹೋದ ವಾರ ಮುಂಡರಗಿ ಡ್ಯೂಟಿ ಬಿತ್ತು. ಲಕ್ಷ್ಮೇಶ್ವರ ಡಿಪೋಗೆ ವರ್ಗವಾಗಿ ಬಂದ ಮೇಲೆ ಆ ಕಡೆಯ ಮಾರ್ಗವನ್ನು ನನಗೆ ಯಾರೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ರಜೆ ಹಾಕಿದ್ದ ಇನ್ನೊಬ್ಬ ಕಂಡಕ್ಟರನ ಬದಲಿಗೆ ಹೋದೆ. ಬಸ್ ನಿಲ್ದಾಣದಲ್ಲಿ ಅರ್ಧ ತಾಸು ಬಿಡುವು ಸಿಕ್ಕಿತು. ಚಹಾ ಕುಡಿಯೋಣವೆಂದು ಹೊರಗೆ ಬಂದರೆ ಹಿಂದಿನ ಓಣಿಯಿಂದ ಬದನೆಕಾಯಿ ಎಣ್ಣೆಯಲ್ಲಿ ಬೇಯುವ ವಾಸನೆ. ಹುರಿದ ಶೇಂಗಾ, ಗುರೆಳ್ಳು, ಹುಣಸೆಹುಳಿ ಸೇರಿದ ಮಸಾಲೆ ಕಾಯಿಯ ಹೊಟ್ಟೆಯಿಂದ ಹೊರಗೆ ಬಂದು ಬಾಣಲೆಯ ತಳಕ್ಕೆ ಹತ್ತಿಕೊಳ್ಳುವಾಗ ಏಳುವ ಎಣಗಾಯಿಯ ವಾಸನೆ ಅದು. ನಮ್ಮ ಕಡೆಯವರಿಗೆ ಆ ವಾಸನೆಗೆ ಬಾಯಲ್ಲಿ ನೀರು ಬರಬೇಕು. ನನಗೆ ಬರಲಿಲ್ಲ. ಓಣಿಯ ಬಾಯಿಯವರೆಗೆ ಹೋದೆ, ಮುಂದೆ ಕಾಲು ಬರಲಿಲ್ಲ. ಚಹಾನೂ ಕುಡಿಯದೆ ಬಸ್ಸಿಗೆ ವಾಪಸು ಬಂದು ಕೂತೆ.

ಆ ಓಣಿಯಲ್ಲಿ ಶಾಂತವ್ವನ ಖಾನಾವಳಿ ಇದೆ. ಮುಂಡರಗಿಯಲ್ಲಿ ನಾನು ನಾಲ್ಕು ವರ್ಷ ಇದ್ದೆ. ಅದರಲ್ಲಿ ನೆನಪಾಗುವುದು ಒಂದೇ ಒಂದು ಮಳೆಗಾಲ.

ಕಂಡಕ್ಟರನ ಕೆಲಸದಲ್ಲಿ ಒಂಟಿತನ ಎಲ್ಲಿಂದ ಬರಬೇಕು ಅಂತ ಜನ ಕೇಳುತ್ತಾರೆ. ದಿನವಿಡೀ ಮಂದಿಯ ನಡುವೆಯೇ ಇರುತ್ತೀಯಲ್ಲ ಅನ್ನುತ್ತಾರೆ. ಇರುತ್ತೇನೆ, ನಿಜ. ಆದರೆ ಎಲ್ಲಿಗೆ, ಚಿಲ್ಲರೆ ಕೊಡಿ, ಒಳಗೆ ಸರಿಯಿರಿ — ಈ ಮೂರು ಮಾತಿನಲ್ಲೇ ನನ್ನ ದಿನ ಮುಗಿಯುತ್ತದೆ. ಗದಗಿನಿಂದ ಹೊರಟ ಬಸ್ಸು ಡಂಬಳ ದಾಟಿ ಮುಂಡರಗಿ ಸೇರುವಷ್ಟರಲ್ಲಿ ಒಬ್ಬರ ಮಗಳ ಮದುವೆ, ಇನ್ನೊಬ್ಬರ ಹೊಲದ ತಂಟೆ, ಮತ್ತೊಬ್ಬರ ಸೊಸೆಯ ಬೈಗುಳ ಎಲ್ಲ ಕಿವಿಗೆ ಬೀಳುತ್ತವೆ. ಯಾವುದರಲ್ಲೂ ನನಗೆ ಪಾಲಿಲ್ಲ. ಅವ್ವ ತೀರಿಹೋಗಿದ್ದಳು. ಶಿರಹಟ್ಟಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಣ್ಣ, ಅತ್ತಿಗೆ ಇದ್ದರು. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದರು. ಅದೂ ನಾನು ಮೊದಲು ಮಾಡಿದರೆ.

ಮೂವತ್ತೆರಡಕ್ಕೂ ಮದುವೆ ಆಗಿರಲಿಲ್ಲ. ಲಕ್ಷ್ಮೇಶ್ವರದಲ್ಲಿ ಒಂದು ಹೆಣ್ಣು ನೋಡಲು ಹೋಗಿದ್ದೆವು. ಸರ್ಕಾರಿ ನೌಕರಿ, ಸ್ವಲ್ಪ ಹೊಲ, ಎಲ್ಲ ಒಪ್ಪಿಗೆಯಾಗಿತ್ತು. ಚಹಾದ ಕಪ್ಪು ಇಡುವಾಗ ಒಳಗಿನಿಂದ ಹುಡುಗಿಯ ಸೋದರತ್ತೆಯ ದನಿ ಕೇಳಿಸಿತು: “ಹುಡುಗನ್ನ ಊದಿದ್ರ ಹಾರಿ ಹೊಕ್ಕಾನಲ್ಲೇ ಯವ್ವಾ!” ಒಳಗೆ ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳೋ ಏನೋ. ಆ ನಗು ನನ್ನ ಕಿವಿಯಲ್ಲಿ ಬಹಳ ದಿನ ಉಳಿಯಿತು. ಆ ವಾರವೇ ಮುಂಡರಗಿಯಲ್ಲಿ ಬೀಜದ ಅಂಗಡಿಯ ಮೇಲಿನ ಜಿಮ್ಮಿಗೆ ಹೆಸರು ಹಚ್ಚಿದೆ.

ಒಂದು ವರ್ಷ ಕಬ್ಬಿಣ ಎತ್ತಿದರೂ ಮೈ ಬರಲಿಲ್ಲ. ನಮ್ಮ ಮನೆತನದ ಮೂಳೆಯೇ ಸಣ್ಣ. ಆಗ ಜಿಮ್ಮಿನ ಕೋಚ್ ಒಂದು ಸಣ್ಣ ಬಾಟಲಿ ತೋರಿಸಿದ. ಎಣ್ಣೆಯಂಥ ಔಷಧಿ, ಲೇಬಲ್ಲಿನ ಮೇಲೆ ಯಾವ ದೇಶದ್ದೋ ಅಕ್ಷರ. “ಇದು ಒಳಗ ಹೋದ್ರ ಮೂರು ತಿಂಗಳದಾಗ ನೀ ಬ್ಯಾರೇನ ಮನಶಾ ಆಗತೀ ನೋಡು,” ಅಂದ. ಒಂದೇ ಬಾಟಲಿ, ಮೂವರು. ನಾನು, ಒಬ್ಬ ಲಾರಿ ಡ್ರೈವರ್, ಇನ್ನೊಬ್ಬ ಬಟ್ಟೆ ಅಂಗಡಿಯವ. ಬಾಟಲಿ ಕಿಟಕಿಯ ಕಟ್ಟೆಯ ಮೇಲೆ ನೋವಿನೆಣ್ಣೆಯ ಪಕ್ಕದಲ್ಲೇ ಇರುತ್ತಿತ್ತು. ಅದರ ರಬ್ಬರ್ ಮುಚ್ಚಳಕ್ಕೆ ಎಷ್ಟು ಸಲ ಸೂಜಿ ಹೊಕ್ಕಿತ್ತೋ, ಲೆಕ್ಕ ಇಟ್ಟವರಿಲ್ಲ. ಮೊದಲೆರಡು ಸಲ ಕೋಚ್ ಚುಚ್ಚಿದ, ಆಮೇಲೆ ನಾನೇ ಕಲಿತೆ. ಬಾಗಿಲು ಹಾಕಿಕೊಂಡು, ಕನ್ನಡಿಗೆ ಬೆನ್ನು ಮಾಡಿ, ಕತ್ತು ತಿರುಗಿಸಿ ಕುಂಡೆಯ ಮೇಲ್ಭಾಗಕ್ಕೆ ಚುಚ್ಚಿಕೊಳ್ಳುವ ವಿದ್ಯೆ ಅದು. ಯಾರಾದರೂ ನೋಡಿದ್ದರೆ ನಗುತ್ತಿದ್ದರು.

ಮೈ ಬಂತು, ಸುಳ್ಳೇಕೆ. ಯೂನಿಫಾರ್ಮಿನ ತೋಳು ಬಿಗಿಯಾಯಿತು, ದರ್ಜಿ ಎರಡು ಸಲ ಬಿಚ್ಚಿ ಹೊಲಿದ. ಬಸ್ಸಿನಲ್ಲಿ ಮುದುಕಿಯರು “ಏ ಪೈಲ್ವಾನ, ಈ ಗಂಟು ಮ್ಯಾಲ ಇಡೋ,” ಅನ್ನತೊಡಗಿದರು. ಡ್ರೈವರುಗಳೂ ಪೈಲ್ವಾನ ಅಂದರು. ಈರಣ್ಣ ಅನ್ನುವ ನನ್ನ ಹೆಸರು ಡಿಪೋದ ರಜಿಸ್ಟರಿನಲ್ಲಷ್ಟೇ ಉಳಿಯಿತು. ಹುಟ್ಟಿದಾಗಿನಿಂದ ಯಾರ ಕಣ್ಣಿಗೂ ಬೀಳದ ಮನುಷ್ಯ ನಾನು, ಈಗ ಬಸ್ಸು ಹತ್ತಿದವರೆಲ್ಲ ಒಂದು ಸಲ ನನ್ನ ಕಡೆ ನೋಡುತ್ತಿದ್ದರು. ಅದರ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ.

ನನ್ನನ್ನು ಪೈಲ್ವಾನ ಅನ್ನದವಳು ಶಾಂತವ್ವ ಒಬ್ಬಳೇ. ಆಕೆಗೆ ಐವತ್ತರ ಮೇಲಾಗಿತ್ತು. ಮನೆಯ ಪಡಸಾಲೆಯಲ್ಲೇ ಖಾನಾವಳಿ, ಹತ್ತು ತಾಟು, ಒಂದೇ ಒಲೆ. ಎರಡು ಹೊತ್ತೂ ನನ್ನ ಊಟ ಅಲ್ಲೇ. ನಾನು ಯಕ್ಕಾ ಅನ್ನುತ್ತಿದ್ದೆ, ಆಕೆ ತಮ್ಮಾ ಅನ್ನುತ್ತಿದ್ದಳು. “ಏನೋ ತಮ್ಮಾ, ಹಿಂತಾ ಮೈ ಬೆಳಸೀ, ಹೊಟ್ಟೀಗೆ ಮಾತ್ರ ಎರಡ ರೊಟ್ಟಿ ಅಂತೀ. ಖೋಲ್ಯಾಗ ಕದ್ದು ತತ್ತಿ ತಿಂತೀಯೇನು?” ಎಂದು ಕಾಡುತ್ತಿದ್ದಳು. ಶ್ರಾವಣದಲ್ಲಾದರೂ ಬಿಡು ಅಂದಿದ್ದಳು. ಬಿಟ್ಟಿದ್ದೇನೆ ಅಂದಿದ್ದೆ. ಬಿಟ್ಟಿರಲಿಲ್ಲ.

ಶಾಂತವ್ವನ ಎಣಗಾಯಿಗೆ ಮುಂಡರಗಿಯಲ್ಲಿ ಹೆಸರಿತ್ತು. ನದಿ ಕಡೆಯ ಹಳ್ಳಿಗಳಿಂದ ಪೇಟೆಗೆ ಬಂದವರು ಅದಕ್ಕೆಂದೇ ಹುಡುಕಿಕೊಂಡು ಬರುತ್ತಿದ್ದರು. ಆದರೆ ಆಕೆ ಸುಮ್ಮನೆ ಬಡಿಸುವವಳಲ್ಲ. ತಾಟಿನ ಮುಂದೆ ಬಂದು ನಿಂತು, ಸೌಟನ್ನು ಮೇಲೆ ಹಿಡಿದುಕೊಂಡೇ, “ಮೈಮ್ಯಾಲೆ ಗಾಯ ಗೀಯ ಅದಾವೇನ್ರಿ?” ಎಂದು ಕೇಳುತ್ತಿದ್ದಳು. ಕೈಗೆ ಪಟ್ಟಿ ಕಟ್ಟಿಕೊಂಡವನಿಗೆ ಎಣಗಾಯಿ ಇಲ್ಲ, ಬೇಳೆಸಾರು. ಬದನೆಕಾಯಿ ನಂಜು, ಗಾಯ ಮಾಯುವುದಿಲ್ಲ, ಕೀವಾಗುತ್ತದೆ ಎಂದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೇಳುತ್ತಾರೆ. ಆದರೆ ಗಿರಾಕಿಗಳ ಕೈಕಾಲು ಪರೀಕ್ಷೆ ಮಾಡಿ ಊಟಕ್ಕೆ ಹಾಕುವವರನ್ನು ನಾನು ಮತ್ತೆಲ್ಲೂ ನೋಡಲಿಲ್ಲ. ಡಾಕ್ಟರ್ ಶಾಂತವ್ವ ಎಂದು ನಾವೆಲ್ಲ ಚೇಷ್ಟೆ ಮಾಡುತ್ತಿದ್ದೆವು.

ಅದರ ಹಿಂದಿನ ಮಾತು ನನಗೆ ಗೊತ್ತಾಗಿದ್ದು ಮಿರಗ ಮಳೆ ಹಿಡಿದ, ಜೂನ್ ಮೊದಲಿನ ಒಂದು ಮಧ್ಯಾಹ್ನ. ಗಿರಾಕಿಗಳಿರಲಿಲ್ಲ, ಬಸ್ಸು ಕೆಟ್ಟು ನನಗೂ ಡ್ಯೂಟಿ ಇರಲಿಲ್ಲ. ಆಕೆಯ ಗಂಡ ಅರಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಕಾಲಿಗೆ ಮೊಳೆ ಚುಚ್ಚಿತು. ಮನೆಯಲ್ಲೇ ಪಟ್ಟಿ ಕಟ್ಟಿದರು, ಗಾಯ ಕೆಟ್ಟಿತು, ಹುಬ್ಬಳ್ಳಿಗೆ ಒಯ್ದು ಕಾಲು ತೆಗೆಸಿದರು, ಆದರೂ ಉಳಿಯಲಿಲ್ಲ. “ಅಂವಾ ಮಲಗಿದಲ್ಲಿಂದ, ಎಣಗಾಯಿ ಮಾಡಿ ಕೊಡ ಅಂತ ಬೇಡಿದ. ಬಾಯಿ ಕೆಟ್ಟಿತ್ತು, ಪಾಪ. ನಾ ಮಾಡಿ ಹಾಕಿದೆ, ಎರಡು ದಿನ,” ಅಂದಳು. ಆಕೆಯ ಅತ್ತೆ ಹೆಣದ ಮುಂದೆ ಕೂತು, ನೆರೆದ ಮಂದಿಗೆಲ್ಲ ಕೇಳುವಂತೆ, ನಂಜು ಉಣಿಸಿ ನನ್ನ ಮಗನನ್ನು ಕೊಂದಳು ಅಂದಿದ್ದಳಂತೆ. “ಅತ್ತಿ ಹೋದ್ಲು. ಅಕೀ ಮಾತು ಹೋಗಲಿಲ್ಲ ನೋಡು ತಮ್ಮಾ.” ಇಷ್ಟು ಹೇಳಿ ಶಾಂತವ್ವ ರೊಟ್ಟಿಯ ಹಂಚು ಇಳಿಸಿದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಆರಿದ್ರಾ ಮಳೆಯ ಹೊತ್ತಿಗೆ ನನ್ನ ಬಲಗಡೆ, ಚುಚ್ಚಿಕೊಂಡ ಜಾಗದಲ್ಲಿ, ಲಿಂಬೆಹಣ್ಣಿನಷ್ಟು ಗಟ್ಟಿ ಗಂಟಾಯಿತು. ಎರಡು ದಿನದಲ್ಲಿ ಕೆಂಪಾಗಿ ಬಾತಿತು, ಮುಟ್ಟಿದರೆ ಸುಡುತ್ತಿತ್ತು. ಕೋಚ್‌ಗೆ ಹೇಳಿದರೆ, “ಎಣ್ಣಿ ಗಂಟಾಗಿರತೈತಿ, ಬಿಸಿ ಶಾಖ ಕೊಡು, ಕರಗತೈತಿ,” ಅಂದ. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ನಮ್ಮ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದಲ್ಲಿ ಹಿಂದಿನಿಂದ ಮುಂದೆ ಹೋಗುವಾಗ ಒಬ್ಬಳ ಬುಟ್ಟಿ, ಇನ್ನೊಬ್ಬನ ಮೊಣಕೈ, ಸೀಟಿನ ಕಬ್ಬಿಣ ಸರಿಯಾಗಿ ಅಲ್ಲಿಗೇ ತಾಗುತ್ತಿದ್ದವು. ಕಣ್ಣಿಗೆ ಕತ್ತಲು ಬರುತ್ತಿತ್ತು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಎಣಿಸುತ್ತಾ ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಕೂರಲು ಆಗುತ್ತಿರಲಿಲ್ಲ.

ಚಳಿಜ್ವರ ಬಂದ ದಿನ ಗದಗಿನ ಆಸ್ಪತ್ರೆಗೆ ಹೋದೆ. ಅಲ್ಲಿದ್ದವರು ಒಬ್ಬ ಲೇಡಿ ಡಾಕ್ಟರು, ಎಲ್ಲರೂ ಬಾಯಾರು ಅನ್ನುತ್ತಿದ್ದರು. ತಲೆ ಅರ್ಧ ನರೆತಿತ್ತು, ಮಾತು ಕಡಿಮೆ. ನೋಡಿ, “ಇಲ್ಲೆ ಯಾವುದರೆ ಇಂಜೆಕ್ಷನ್ ಮಾಡಿಸಿಕೊಂಡೀರೇನು?” ಎಂದು ಕೇಳಿದರು. ಬಾಯಿಗೆ ಬಂದದ್ದು ಸುಳ್ಳು. “ಟಿ.ಟಿ. ರಿ. ತಗಡು ತರಚಿತ್ತು, ಹಳ್ಯಾಗ ಮಾಡಿಸಿಕೊಂಡೆ.” “ಟಿ.ಟಿ. ತೋಳಿಗೆ ಮಾಡತಾರಲ್ರೀ?” ಅಂದರು. ಹಳ್ಳಿಯಲ್ಲಿ ಇಲ್ಲೇ ಮಾಡಿದರು ಅಂದೆ. ಒಂದು ಕ್ಷಣ ನನ್ನ ತೋಳುಗಳನ್ನು ನೋಡಿದರು. “ಮತ್ತೇನರೆ ತಗೋತೀರೇನು? ಮೈ ಬೆಳಸಾಕ, ಶಕ್ತಿಗೆ, ಪುಡಿ, ಇಂಜೆಕ್ಷನ್? ನಾ ಬೈಯಾಕ ಕೇಳವಲ್ಲೆ.” “ಇಲ್ರಿ. ರೊಟ್ಟಿ, ಮಸರು, ಅಷ್ಟ,” ಅಂದೆ. ಅವರು ಅದನ್ನೇ ಬರೆದುಕೊಂಡರು.

ಕೊಯ್ದು ಕೀವು ತೆಗೆದರು. ಗಾಯಕ್ಕೆ ಹೊಲಿಗೆ ಹಾಕಲಿಲ್ಲ. ಒಳಗಿನಿಂದ ತುಂಬಿಕೊಂಡು ಬರಬೇಕು ಎಂದು ಔಷಧಿಯ ಅರಿವೆ ಪಟ್ಟಿಯನ್ನು ಬತ್ತಿಯ ಹಾಗೆ ಒಳಗೆ ತುಂಬಿದರು. ದಿನಾ ತೆಗೆದು ಬೇರೆ ತುಂಬಿಸಿಕೊಳ್ಳಬೇಕು. ಕೀವನ್ನು ಪರೀಕ್ಷೆಗೆ ಕಳಿಸಿದರು, ಅದರಲ್ಲಿ ಯಾವ ಕ್ರಿಮಿಯೂ ಬೆಳೆಯಲಿಲ್ಲ ಎಂದು ವರದಿ ಬಂತು. ಮಾತ್ರೆ ಕೊಟ್ಟರು, ಬದಲಿಸಿದರು, ಮತ್ತೆ ಬದಲಿಸಿದರು. ಗಾಯ ಮಾಯಲಿಲ್ಲ. ಸುತ್ತ ಹೊಸ ಸಣ್ಣ ಗಂಟುಗಳೆದ್ದು ನೀರಿನಂಥ ಕೀವು ಒಸರುತ್ತಿತ್ತು. ನಾನು ಮಾಡಿದ್ದೇನು? ಕೋರ್ಸು ಅರ್ಧಕ್ಕೆ ಬಿಟ್ಟರೆ ಮೈ ಇಳಿಯುತ್ತದೆ ಎಂದು ಕೋಚ್ ಹೇಳಿದ್ದನ್ನು ನಂಬಿ, ಬಲಗಡೆ ಪಟ್ಟಿ ಇರುವಾಗಲೇ ಎಡಗಡೆ ಚುಚ್ಚಿಕೊಂಡೆ. ಅದೇ ಬಾಟಲಿ. ಇದನ್ನು ಬರೆಯುವಾಗ ನನಗೇ ನನ್ನ ಮೇಲೆ ಸಿಟ್ಟು ಬರುತ್ತದೆ.

ಶಾಂತವ್ವನಿಗೆ ಗೊತ್ತಾಗಿದ್ದು ನಾನು ನಿಂತು ಉಣ್ಣುವುದನ್ನು ನೋಡಿ. ಅಲ್ಲಿಯವರೆಗೆ ಊಟ ಕಟ್ಟಿಸಿಕೊಂಡು ಖೋಲಿಗೆ ಒಯ್ಯುತ್ತಿದ್ದೆ. ಜೋಳದ ಡಬ್ಬಿಯ ಮೇಲೆ ತಾಟು ಇಟ್ಟುಕೊಂಡು ಉಣ್ಣುತ್ತಿದ್ದೆ. “ಯಾಕೋ ತಮ್ಮಾ, ಕುಂಡ್ರೂದಿಲ್ಲ?” “ಏನಿಲ್ಲ ಯಕ್ಕಾ. ಕೆಳಗ ಒಂದು ಕುರ ಎದ್ದಿತ್ತು. ಗದಗದಾಗ ಕೊಯ್ದಾರ.” ಆಕೆ ನನ್ನ ತಾಟಿನ ಕಡೆ ನೋಡಿದಳು. ತಾಟಿನಲ್ಲಿ ಎರಡು ಎಣಗಾಯಿ ಇದ್ದವು. “ಎಂದಿನಿಂದ ಐತಿ ಅದು?” ಅಂದಳು. ಇಪ್ಪತ್ತು ದಿನ ಆಯಿತು ಅಂದೆ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. “ಇಪ್ಪತ್ತು ದಿನ ನನ್ನ ಕೈಲೆ ಬದನಿಕಾಯಿ ತಿಂದೀ. ದಿನಾ ಕೇಳತಿದ್ದೆನಲ್ಲೋ, ಎಲ್ಲಾರಿಗೂ ಕೇಳತಿದ್ದೆ. ನಿನಗ ಕೇಳಲಿಲ್ಲ. ಮನಿ ಹುಡುಗ ಅಂತ ನಿನಗೊಬ್ಬಗ ಕೇಳಲಿಲ್ಲ.”

ಮರುದಿನದಿಂದ ಖಾನಾವಳಿಯಲ್ಲಿ ಎಣಗಾಯಿ ನಿಂತಿತು. ನನಗಷ್ಟೇ ಅಲ್ಲ, ಎಲ್ಲರಿಗೂ. ಪುಷ್ಯ ಮಳೆ ಬಂತು, ಹೋಯಿತು. ಹೊಲದಲ್ಲಿ ಹೆಸರುಕಾಳು ಕೀಳುವ ಹೊತ್ತು ಬಂತು. ಶಾಂತವ್ವ ಪೇಟೆಯಿಂದ ಬದನೆಕಾಯಿ ತರಲಿಲ್ಲ. ಗಿರಾಕಿಗಳು ಗೊಣಗಿದರು, ಕೆಲವರು ನಿಲ್ದಾಣದ ಎದುರಿನ ಹೊಸ ಖಾನಾವಳಿಗೆ ಹೋದರು. ಆಕೆ ಒಪ್ಪೊತ್ತು ಹಿಡಿದಳು. ನನ್ನ ಗಾಯ ಮಾಯುವವರೆಗೆ ಒಂದೇ ಊಟ ಎಂದು ದೇವರ ಮುಂದೆ ತಪ್ಪೊಪ್ಪಿಕೊಂಡು ಹರಕೆ ಹೊತ್ತಳಂತೆ. ನನಗೆ ಬೇರೆಯಾಗಿ ನುಚ್ಚು, ಮಜ್ಜಿಗೆ, ಹೆಸರುಬೇಳೆಯ ತಿಳಿಸಾರು. ಡ್ಯೂಟಿಯಿಂದ ತಡವಾಗಿ ಬಂದರೆ ಮುಚ್ಚಿಟ್ಟಿರುತ್ತಿದ್ದಳು. ಗಾಯ ಹೇಗಿದೆ ಎಂದು ದಿನಾ ಕೇಳುತ್ತಿದ್ದಳು. ಮಾಯ್ದಿಲ್ಲ ಅಂದರೆ ಮುಖ ಇಳಿಯುತ್ತಿತ್ತು, ದಿನದಿಂದ ದಿನಕ್ಕೆ ಬಡವಾದಳು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಕ್ಕಾ, ಇದು ನಿನ್ನ ಅಡಿಗೆಯಿಂದ ಆದದ್ದಲ್ಲ, ನಾನು ಸೂಜಿ ಚುಚ್ಚಿಕೊಂಡಿದ್ದೇನೆ. ಮಾತು ನಾಲಗೆಯ ಮೇಲೆ ಎಷ್ಟೋ ಸಲ ಬಂತು. ಹೇಳಿದರೆ ಊರಿಗೆ ಗೊತ್ತಾಗುತ್ತದೆ, ಡಿಪೋಗೆ ಗೊತ್ತಾಗುತ್ತದೆ, ಪೈಲ್ವಾನನ ಮೈ ಬಾಟಲಿಯಿಂದ ಬಂದದ್ದು ಎಂದು ನಗುತ್ತಾರೆ — ಇದು ನಾನು ನನಗೇ ಹೇಳಿಕೊಂಡ ಕಾರಣ. ಅದಕ್ಕಿಂತ ನಿಜವಾದದ್ದು ಇನ್ನೊಂದಿತ್ತು. ನನಗೆ ಅದು ಹಿತವಾಗಿತ್ತು. ಅವ್ವ ಹೋದ ಮೇಲೆ ನನಗಾಗಿ ಯಾರೂ ತಾಟು ಮುಚ್ಚಿಟ್ಟಿರಲಿಲ್ಲ, ನನಗೆ ಜ್ವರ ಬಂದರೆ ಯಾರ ಮುಖವೂ ಇಳಿದಿರಲಿಲ್ಲ. ಆ ಮುಖ ಯಾಕೆ ಇಳಿಯುತ್ತಿದೆ, ಅದರ ಹಿಂದೆ ಯಾವ ಸಾವಿದೆ ಎಂದು ಗೊತ್ತಿದ್ದೂ ನಾನು ನುಚ್ಚು ಉಂಡು ಕೈ ತೊಳೆದುಕೊಂಡು ಖೋಲಿಗೆ ಹೋಗುತ್ತಿದ್ದೆ. ನಾಚಿಕೆಗೇಡಿನ ಕೆಲಸ ಅದು.

ಮಘಾ ಮಳೆಯಲ್ಲಿ ಎಡಗಡೆಯೂ ಬಾತಿತು. ಒಂದು ಬೆಳಿಗ್ಗೆ ಖಾನಾವಳಿಯ ಹೊಸ್ತಿಲಲ್ಲಿ ಗೋಡೆ ಹಿಡಿದೆ. ಮೈ ಕೆಂಡ. ಶಾಂತವ್ವ ಒಲೆ ಆರಿಸಿದಳು, ಬಾಗಿಲಿಗೆ ಕೀಲಿ ಹಾಕಿದಳು. “ನಡಿ, ಇವತ್ತ ನಾನೂ ಬರತೀನಿ. ಹೆಂಗಸರಿಗೆ ಹೆಂಗೂ ಬಸ್ ಫ್ರೀ ಐತಿ,” ಅಂದಳು. ಗದಗಿನವರೆಗೆ ನನ್ನನ್ನು ಸೀಟಿನ ಮೇಲೆ ಅಡ್ಡ ಮಲಗಿಸಿ ತಾನು ನಿಂತೇ ಬಂದಳು. ಕಂಡಕ್ಟರ್ ನನ್ನ ಗೆಳೆಯನೇ. ಏನಾಯಿತು ಎಂದು ಕೇಳಿದ. ನಂಜಾಗೈತಿ ಎಂದು ಶಾಂತವ್ವನೇ ಹೇಳಿದಳು.

ಡಾಕ್ಟರ್ ಬಾಯಾರು ಎಡಗಡೆಯ ಬಾವನ್ನು ಒತ್ತಿ ನೋಡಿದರು. ನನ್ನ ಹಳೆಯ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟರು.

“ಬಲಕ್ಕ ಟಿ.ಟಿ. ಅಂದಿದ್ರಿ. ಎಡಕ್ಕ ಏನ್ರಿ ಈಗ?”

ನಾನು ಬರುವಾಗಲೇ ಇನ್ನೊಂದು ಸುಳ್ಳು ತಯಾರು ಮಾಡಿಟ್ಟುಕೊಂಡಿದ್ದೆ, ಶಕ್ತಿಗೆಂದು ಬಿ-ಟ್ವೆಲ್ವ್ ಮಾಡಿಸಿಕೊಂಡೆ ಎಂದು. ಬಾಯಿ ತೆಗೆಯುವಷ್ಟರಲ್ಲಿ ಶಾಂತವ್ವ ಮುಂದೆ ಬಂದಳು. ಎರಡೂ ಕೈ ಜೋಡಿಸಿದ್ದಳು.

“ಅವಗ ಏನೂ ಅನಬ್ಯಾಡ್ರಿ ಬಾಯಾರ. ತಪ್ಪು ನಂದೈತಿ. ಗಾಯ ಇದ್ದಾವಗ ನಾ ಇಪ್ಪತ್ತು ದಿನ ಬದನಿಕಾಯಿ ಹಾಕೀನ್ರಿ. ಶೇಂಗಾ ಹಿಂಡಿ ಹಾಕೀನಿ. ಎಣ್ಣಿ ಕೈ ಬಿಟ್ಟು ಹಾಕೀನಿ. ಈಗ ಬಿಟ್ಟೀನ್ರಿ, ಎಲ್ಲಾ ಬಿಟ್ಟೀನಿ, ಆದರೂ ನಂಜು ಇಳೀವಲ್ದು. ಏನರೆ ಮಾಡ್ರಿ. ಮೊದಲ ಒಬ್ಬರನ್ನ ಹಿಂಗ ಕಳಕೊಂಡೀನಿ. ಇನ್ನೊಬ್ಬರನ್ನ ಕಳಕೊಳ್ಳೂ ಶಕ್ತಿ ಇಲ್ರಿ ನನಗ.”

ಡಾಕ್ಟರ್ ಆಕೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಹೊಟ್ಟೆಯ ಮೇಲೆ ಮಲಗಿದ್ದೆ. ನೋಡಬೇಕಾದರೆ ಕತ್ತು ಎತ್ತಬೇಕಿತ್ತು. ಎತ್ತಲಿಲ್ಲ.

“ಬಾಯಾರ, ಇದು ಅಡಿಗಿದಲ್ರಿ,” ಅಂದೆ. “ನಾನ ಚುಚ್ಚಿಕೊಂಡೀನಿ. ಎರಡೂ ಕಡೆ. ಸ್ಟೀರಾಯ್ಡ್ ರಿ, ಮೈ ಬರಲಿ ಅಂತ.”

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸುವುದು ಕಷ್ಟವಾಯಿತು. ಡಾಕ್ಟರ್ ಒಂದೊಂದಾಗಿ ಕೇಳಿದರು. ಯಾವಾಗಿನಿಂದ, ಎಷ್ಟು ದಿನಕ್ಕೊಮ್ಮೆ, ಬಾಟಲಿ ಎಲ್ಲಿಂದ ಬಂತು, ಸೂಜಿ ಹೊಸದೋ ಹಳೆಯದೋ, ಬೇರೆಯವರು ಬಳಸಿದ್ದೋ, ಅದರ ಜೊತೆ ಮಾತ್ರೆ ಏನಾದರೂ ಇತ್ತೋ. ಎಲ್ಲವನ್ನೂ ಹೇಳಿದೆ. ಎರಡು ಸಲ ಸೂಜಿಯನ್ನೂ ಹಂಚಿಕೊಂಡಿದ್ದೆವು ಎಂಬುದನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ನಾ ಪೊಲೀಸ್ ಅಲ್ರಿ ಈರಣ್ಣ,” ಅಂದರು. “ನಿಮ್ಮನ್ನ ಹಿಡಿದು ನನಗೇನು ಆಗಬೇಕು? ಟಿ.ಟಿ. ಅಂದಿದ್ದಕ್ಕ ನಾ ಎಲ್ಲಾರಿಗೂ ಕೊಡೂ ಔಷಧಿ ಕೊಟ್ಟೆ. ಹಿಂತಾ ಎಣ್ಣಿ ಬಾಟಲ್ಯಾಗ ಬ್ಯಾರೆ ಜಾತಿ ಕ್ರಿಮಿ ಇರತಾವು, ಟಿ.ಬಿ. ಕ್ರಿಮಿಗೆ ದೂರದ ಸಂಬಂಧಿಕರು. ಸಾದಾ ಪರೀಕ್ಷಾದಾಗ ಕಾಣಸೂದಿಲ್ಲ, ಬೆಳಿಯಾಕ ವಾರಗಟ್ಟಲೆ ಬೇಕು. ಅವಕ್ಕ ಪರೀಕ್ಷಾನೂ ಬ್ಯಾರೆ, ಔಷಧೀನೂ ಬ್ಯಾರೆ. ಮೊದಲನೇ ದಿನ ಹೇಳಿದ್ರ ಅವತ್ತ ಬರೀತಿದ್ದೆ. ಎರಡು ತಿಂಗಳು ನಾನೂ ಕತ್ತಲದಾಗ ಕೈ ಆಡಿಸೀನಿ.”

ಅವರ ಸಂಶಯವೇ ನಿಜವಾಯಿತು. ಎಡಗಡೆಯನ್ನೂ ಕೊಯ್ದರು, ಆ ಕೀವಿನಲ್ಲಿ ಅವರು ಹೇಳಿದ ಜಾತಿಯ ಕ್ರಿಮಿಯೇ ಸಿಕ್ಕಿತು. ಗಾಯಗಳು ಪೂರ್ತಿ ಮಾಯಲು ಆರು ತಿಂಗಳು ಹಿಡಿಯಿತು, ಅಷ್ಟೂ ದಿನ ಮಾತ್ರೆ. ರಕ್ತ ತೆಗೆದು ಏಡ್ಸ್, ಕಾಮಾಲೆ, ಲಿವರ್, ಎಲ್ಲ ನೋಡಿದರು. ಸೂಜಿ ಹಂಚಿಕೊಂಡದ್ದಕ್ಕೆ ಏನೂ ಅಂಟಿರಲಿಲ್ಲ, ಆದರೆ ರಕ್ತದೊತ್ತಡ ಏರಿತ್ತು. ಇಂಜೆಕ್ಷನ್ ನಿಂತ ಮೇಲೆ ಮೈ ತನ್ನ ಹಾರ್ಮೋನನ್ನು ತಾನೇ ಮಾಡಿಕೊಳ್ಳಲು ಕೆಲವು ತಿಂಗಳು ಬೇಕು, ಅಲ್ಲಿಯವರೆಗೆ ಮನಸ್ಸು ಕುಸಿಯುತ್ತದೆ, ಹಾಗಾದಾಗ ಮತ್ತೆ ಚುಚ್ಚಿಕೊಳ್ಳದೆ ಬಂದು ಹೇಳಿ ಎಂದು ಮೊದಲೇ ಎಚ್ಚರಿಸಿದ್ದರು. ಕುಸಿಯಿತು. ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾ ಕಾರಣವಿಲ್ಲದೆ ಕಣ್ಣೀರು ಬರುತ್ತಿತ್ತು, ದೂಳು ಬಿತ್ತು ಎಂದು ಒರೆಸಿಕೊಳ್ಳುತ್ತಿದ್ದೆ. ಹೋಗಿ ಹೇಳಿದೆ. ಅದಕ್ಕೂ ಔಷಧಿ ಕೊಡುವ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಅದೇ ಬಾಟಲಿಯ ಉಳಿದಿಬ್ಬರಿಗೂ ಫೋನು ಮಾಡಿದೆ. ಬಟ್ಟೆ ಅಂಗಡಿಯವ ಬೈದು ಇಟ್ಟ. ಲಾರಿ ಡ್ರೈವರ್ ತನಗೂ ಒಂದು ಗಂಟಿದೆ, ಆ ಡಾಕ್ಟರು ಯಾವ ದಿನ ಇರುತ್ತಾರೆ ಎಂದು ಕೇಳಿದ. ಮೈ ಇಳಿದು ನಾನು ಮೊದಲಿನ ಈರಣ್ಣನಾದೆ. ಪೈಲ್ವಾನ ಅನ್ನುವುದನ್ನು ಜನ ತಾವಾಗಿಯೇ ಬಿಟ್ಟರು.

ಇದೆಲ್ಲ ಆಮೇಲಿನದು. ಆ ದಿನ ನಾನು ಎಲ್ಲ ಹೇಳಿ ಮುಗಿಸಿದಾಗ ಆ ಕೋಣೆಯಲ್ಲಿ ಶಾಂತವ್ವ ಇನ್ನೂ ಕೈ ಜೋಡಿಸಿಕೊಂಡೇ ನಿಂತಿದ್ದಳು.

“ಹಂಗಾರ ಬದನಿಕಾಯಿಂದ ಅಲ್ಲೇನ್ರಿ?” ಎಂದು ಡಾಕ್ಟರನ್ನು ಕೇಳಿದಳು.

“ಅಲ್ರಿ ಯವ್ವಾ. ಬದನಿಕಾಯಿಂದ ಕೀವಾಗೂದಿಲ್ಲ.”

“ಯಾರಿಗೂ ಆಗೂದಿಲ್ಲೇನ್ರಿ?”

“ಯಾರಿಗೂ ಆಗೂದಿಲ್ಲ.”

ಶಾಂತವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಗಂಡನ ಕಾಲಿನ ವಿಷಯ ಹೇಳಿದಳು. ಮೊಳೆ, ಮಿಲ್ಲು, ಹುಬ್ಬಳ್ಳಿ, ಅಂವ ಬೇಡಿದ ಎಣಗಾಯಿ. ಎರಡು ದಿನ ಹಾಕಿದ್ದೆ ಎಂಬುದನ್ನು ಎರಡು ಸಲ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು.

“ಅವರಿಗೆ ಸಕ್ಕರಿ ಬ್ಯಾನಿ ಇತ್ತೇನ್ರಿ?”

“ಇತ್ತ್ರಿ. ಮೊಳಿ ಚುಚ್ಚಿದ್ದು ಎರಡು ದಿನ ಅವರಿಗೆ ಗೊತ್ತ ಆಗಿದ್ದಿಲ್ಲ. ಚಪ್ಲಿ ರಕ್ತ ಆದಮ್ಯಾಲೆ ನಾನ ನೋಡಿ ಹೇಳಿದೆ.”

“ಅದ ನೋಡ್ರಿ. ಸಕ್ಕರಿ ಬ್ಯಾನ್ಯಾಗ ಕಾಲಿಗೆ ನೋವು ತಿಳಿಯೂದಿಲ್ಲ, ಗಾಯ ಜಲ್ದಿ ಮಾಯೂದೂ ಇಲ್ಲ. ಅವರು ಹೋದದ್ದು ಅದರಿಂದ. ನೀವು ಏನು ಉಣಸಿದ್ರೂ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅವರು ಬೇಡಿದ್ದು ಬಾಯಿಗೆ ಕೊಟ್ಟು ಕಳಿಸೀರಿ, ಅಷ್ಟ.”

ಶಾಂತವ್ವ ಸ್ಟೂಲಿನ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಬಹಳ ಹೊತ್ತು ತನ್ನ ಅಂಗೈಗಳನ್ನು ನೋಡಿಕೊಂಡಳು. ಹೊರಗೆ ಮುಂದಿನ ರೋಗಿಯ ಹೆಸರು ಕೂಗಿದರು, ಯಾರೋ ಬಾಗಿಲು ತೆಗೆದು ನೋಡಿ ಮತ್ತೆ ಮುಚ್ಚಿದರು.

ನನ್ನನ್ನು ಒಳಗಿನ ವಾರ್ಡಿಗೆ ಒಯ್ದರು. ಶಾಂತವ್ವ ಹಿಂದೆಯೇ ಬಂದಳು. ತಂದಿದ್ದ ಬುತ್ತಿಯ ಡಬ್ಬಿಯನ್ನು ಮಂಚದ ಪಕ್ಕ ಇಟ್ಟಳು. ನಾನು ಯಕ್ಕಾ ಅಂದೆ.

“ಮಿರಗದ ಮಳ್ಯಾಗ ನಿನಗ ನಾನ ಬಾಯಿಬಿಟ್ಟು ಹೇಳಿದ್ದೆ, ಅತ್ತಿ ಅಂದದ್ದು,” ಅಂದಳು. ದನಿ ಏರಿಸಲಿಲ್ಲ. “ಅದನ್ನ ನಾ ಯಾರಿಗೂ ಹೇಳಿದಾಕಿ ಅಲ್ಲ. ನಿನಗ ಗೊತ್ತಿತ್ತು. ನಾ ಒಪ್ಪೊತ್ತು ಇದ್ದದ್ದೂ ಗೊತ್ತಿತ್ತು. ನುಚ್ಚು ಉಂಡು ಉಂಡು ನೋಡಿಕೋತ ಇದ್ದೀಯಲ್ಲೋ.”

ನಾನು ಹೌದು ಅಂದೆ.

“ಡಬ್ಬ್ಯಾಗ ಮಸರನ್ನ ಐತಿ. ಕೊಯ್ಯೂ ಮೊದಲ ಉಣ್ಣಬೇಕೋ ಬ್ಯಾಡೋ, ಕೇಳಿ ಉಣ್ಣು.” ಇಷ್ಟು ಹೇಳಿ ಸೆರಗು ಸರಿ ಮಾಡಿಕೊಂಡು ಹೊರಟಳು. ಮುಂಡರಗಿಯ ಬಸ್ಸಿಗೆ ಇನ್ನೂ ಹೊತ್ತಿತ್ತು, ನನಗೆ ಆ ಮಾರ್ಗದ ವೇಳೆಯೆಲ್ಲ ಬಾಯಿಪಾಠ. ಸ್ವಲ್ಪ ಹೊತ್ತು ಕೂತು ಹೋಗು ಅನ್ನಬಹುದಿತ್ತು, ಅನ್ನಲಿಲ್ಲ.

ನರ್ಸು ಒಂದು ಹಾಳೆ ಹಿಡಿದುಕೊಂಡು ಬಂದಳು. ಆಪರೇಷನ್ನಿಗೆ ಒಪ್ಪಿಗೆ, ಸಂಬಂಧಿಕರ ಸಹಿ ಬೇಕು ಅಂದಳು.

“ನಿಮ್ಮ ಜೋಡಿ ಒಬ್ಬಾಕಿ ಇದ್ದರಲ್ರಿ, ಎಲ್ಲಿ ಹೋದ್ರು?”

“ಊರಿಗೆ ಹೋದ್ರು ರಿ.”

“ಅವರು ನಿಮಗ ಏನಾಗಬೇಕು?”

ಅಕ್ಕ ಎಂದು ಬಾಯಿಗೆ ಬಂತು. ಒಂದು ಸಹಿಗೆ ಅದೇನು ದೊಡ್ಡ ಸುಳ್ಳೂ ಆಗಿರಲಿಲ್ಲ.

“ಏನೂ ಆಗಬೇಕಾಗಿಲ್ರಿ,” ಅಂದೆ.

ನರ್ಸು ಆ ಜಾಗ ಖಾಲಿ ಬಿಟ್ಟು, ಕೆಳಗೆ ನನ್ನ ಸಹಿಯನ್ನೇ ತೆಗೆದುಕೊಂಡು ಹೋದಳು.